“ಡಾಂಬರು ಒಂದು ಬೇಡ”: ಮೊಹಾವಿ ರಸ್ತೆಯ ಸಂದರ್ಶನ

ಕ್ಯಾಲಿಫೋರ್ನಿಯದ ಪೂರ್ವ ಗಡಿಯ ಬಳಿ ಕೊಲರಾಡೊ ನದಿಯ ದಂಡೆಯಿಂದ ಹೊರಟು, ಮರುಭೂಮಿಯ ನಡುವೆ ಪಶ್ಚಿಮಕ್ಕೆ ಸುಮಾರು 220 ಕಿಲೋಮೀಟರ್ ಸಾಗುವ ಮಣ್ಣುದಾರಿ ಮೊಹಾವಿ ರಸ್ತೆ. ಇದರ ಉತ್ತರಕ್ಕೆ ಲಾಸ್ ವೇಗಸ್ಸಿಗೆ ಓಡುವ 15ನೇ ನಂಬರಿನ ಹೆದ್ದಾರಿ, ದಕ್ಷಿಣಕ್ಕೆ 40ನೇ ನಂಬರಿನ ಹೆದ್ದಾರಿ. ಎರಡರ ಮಧ್ಯೆ ಸಿಕ್ಕಿಕೊಂಡಿರುವ ಈ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಟೀ ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ಎಂಬುದು ಬಹುಮಟ್ಟಿಗೆ ಇಲ್ಲವೇ ಇಲ್ಲ. ‘ಏಕಾಂತ’ದ ಮೇಲೆ ವಿಶೇಷಾಂಕ ತರಲು ಹೊರಟಿರುವ ನಮ್ಮ ಸಂಪಾದಕರು, ಇಲ್ಲಿ ಒಬ್ಬನೇ ಒಂದು ಹಗಲಿಡೀ ಸೈಕಲ್ ತುಳಿದು “ಫೋಟೋ ಸಮೇತ” ಲೇಖನ ಕಳಿಸಬೇಕೆಂದು ಅಪ್ಪಣೆ ಮಾಡಿದರು. ಬೆಳಗಿನ ತಂಪಿನಲ್ಲಿ ರಸ್ತೆ ಸುಮ್ಮನೆ ಮಲಗಿತ್ತು. ದಪ್ಪ ಮರಳು ಸಿಕ್ಕಿ, ಇಳಿದು ಸೈಕಲ್ ನೂಕಲು ಶುರು ಮಾಡಿದ ಮೇಲೆ ತಾನಾಗಿಯೇ ಮಾತಿಗೆ ಬಂತು.

ಪತ್ರಿಕೆ: ನಮಸ್ಕಾರ. ತಮಗೆ ಕನ್ನಡ ಬರುತ್ತದೆ ಎಂದು ಗೊತ್ತಿರಲಿಲ್ಲ.

ರಸ್ತೆ: ಬೇ ಏರಿಯಾದಿಂದ ನಿಮ್ಮ ಸಾಫ್ಟ್‌ವೇರ್ ಹುಡುಗ್ರು ಬರ್ತಾರಲ್ಲಪ್ಪ. ಜೀಪಲ್ಲಿ ಕೂತಿದ್ದಷ್ಟು ಹೊತ್ತೂ ಇಂಗ್ಲಿಷೇ. ಕೆಳಗಿಳಿದು, ಚಕ್ರ ಅರ್ಧ ಮರಳಲ್ಲಿ ಹೂತುಹೋಗಿರೋದನ್ನ ಕಂಡ ಕೂಡ್ಲೆ ಬಾಯಿಂದ ಬರೋದು ಊರಿನ ಮಾತು. ಬೈಗುಳ ಮೊದಲು ಕಲಿತೆ, ವ್ಯಾಕರಣ ಹಿಂದಿನಿಂದ ಬಂತು. ಸ್ಪ್ಯಾನಿಷ್ ಕಲಿತಿದ್ದೂ ಹೀಗೇ, 1776ರಲ್ಲಿ.

ಪತ್ರಿಕೆ: ಅಷ್ಟು ಹಿಂದೆ ಯಾರು ಬಂದಿದ್ದರು?

ರಸ್ತೆ: ಫ್ರಾನ್ಸಿಸ್ಕೊ ಗಾರ್ಸೆಸ್ ಅಂತ ಒಬ್ರು ಪಾದ್ರಿ. ದಿನಚರಿ ಬರೆದಿಟ್ರು, ಆದ್ದರಿಂದ ಹೆಸರು ಉಳೀತು. ಮುಂದೆ ನಿಂತು ದಾರಿ ತೋರಿಸಿದ ಮೊಹಾವಿ ಜನ ದಿನಚರಿ ಬರೆಯೋರಲ್ಲ. ಅವರು ಅದಕ್ಕೂ ಎಷ್ಟೋ ಕಾಲ ಮೊದಲಿಂದ ನದಿಗೂ ಸಮುದ್ರಕ್ಕೂ ನನ್ನ ಮೇಲೇ ಓಡಾಡ್ತಿದ್ರು. ಸುಮ್ನೆ ಮಾತಿಗೆ ಓಡಾಡ್ತಿದ್ರು ಅನ್ನಲಿಲ್ಲ, ನಿಜವಾಗಿ ಓಡ್ತಿದ್ರು. ಒಂದು ಒರತೆಯಿಂದ ಇನ್ನೊಂದು ಒರತೆಗೆ. ಕಡಲ ದಡದಿಂದ ಚಿಪ್ಪು ತಂದು ವ್ಯಾಪಾರ ಮಾಡ್ತಿದ್ರು. ಬಣ್ಣಬಣ್ಣದ ಜರ್ಸಿ ಇಲ್ಲ, ಎದೆಬಡಿತ ಎಣಿಸೋ ಪಟ್ಟಿ ಇಲ್ಲ. ನೀನು ಕಟ್ಕೊಂಡಿದೀಯಲ್ಲ, ಅದೀಗ ಎಷ್ಟು ತೋರಿಸ್ತಿದೆ?

ಪತ್ರಿಕೆ: ನೂರ ಎಪ್ಪತ್ತೆರಡು.

ರಸ್ತೆ: ಬರೀ ನೂಕೋದಕ್ಕೆ?

ಪತ್ರಿಕೆ: ವಿಷಯಕ್ಕೆ ಬರೋಣ. ತಾವು ನೇರವಾಗಿ ಹೋಗದೆ ಇಷ್ಟು ಸುತ್ತಿ ಬಳಸಿ ಹೋಗುತ್ತೀರಿ, ಯಾಕೆ?

ರಸ್ತೆ: ನೇರ ಹೋಗೋದಕ್ಕೆ ನನ್ನನ್ನ ನಕ್ಷೆ ಮೇಲೆ ಸ್ಕೇಲಿಟ್ಟು ಎಳೆದವರು ಯಾರೂ ಇಲ್ಲ. ಪಾಯೂಟ್, ರಾಕ್ ಸ್ಪ್ರಿಂಗ್, ಮಾರ್ಲ್ ಸ್ಪ್ರಿಂಗ್ಸ್, ಸೋಡಾ ಸ್ಪ್ರಿಂಗ್ಸ್. ನೀರು ಎಲ್ಲಿದೆಯೋ ಅಲ್ಲಿಗೆ ಹೋಗ್ತೀನಿ. ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ ಒಂದು ದಿನದ ನಡಿಗೆ. ಈಗಿನೋರಿಗೆ ಅದೇನೂ ಲೆಕ್ಕವಿಲ್ಲ. ಏಳೆಂಟು ಲೀಟರ್ ಬೆನ್ನಿಗೆ ಹೇರ್ಕೊಂಡು, ರಬ್ಬರ್ ನಳಿಗೆಯನ್ನ ಬಾಯಲ್ಲಿಟ್ಕೊಂಡು ಒರತೆ ಪಕ್ಕದಲ್ಲೇ ಹಾದುಹೋಗ್ತಾರೆ, ತಿರುಗಿ ಕೂಡ ನೋಡಲ್ಲ. ಅಂದ ಹಾಗೆ ಈ ಸೈಕಲ್ ಬಹಳ ಹಗುರ ಕಾಣುತ್ತೆ?

ಪತ್ರಿಕೆ: (ಹೆಮ್ಮೆಯಿಂದ) ಕಾರ್ಬನ್ ಫ್ರೇಮು. ಬೋಲ್ಟುಗಳನ್ನು ಕೂಡ ಟೈಟಾನಿಯಂಗೆ ಬದಲಾಯಿಸಿದ್ದೇನೆ. ಒಟ್ಟಾರೆ ನಾನೂರ ಐವತ್ತು ಗ್ರಾಂ ಉಳಿಯಿತು.

ರಸ್ತೆ: ಏಳು ಲೀಟರ್ ನೀರಿಗೆ ಏಳು ಕಿಲೋ. ಸರಿ, ಸರಿ. ಮುಂದಿನ ಪ್ರಶ್ನೆ ಕೇಳು.

ಪತ್ರಿಕೆ: ತಮ್ಮ ಮೇಲೆ ಓಡಾಡಿದವರಲ್ಲಿ ಮರೆಯಲಾಗದ ಸವಾರರು?

ರಸ್ತೆ: 1826ರಲ್ಲಿ ಜೆಡಿಡಯಾ ಸ್ಮಿತ್ ಅನ್ನೋ ತುಪ್ಪಳದ ವ್ಯಾಪಾರಿ ಬಂದ. ಇರಲಿ. ನಂಗೆ ಇಷ್ಟವಾದೋರು 1857ರ ಒಂಟೆಗಳು. ಅಮೆರಿಕದ ಸೈನ್ಯ ಹಿಂದಿನ ವರ್ಷ ಒಂಟೆಗಳನ್ನ ಹಡಗಲ್ಲಿ ತಂದು ಟೆಕ್ಸಸ್‌ನಲ್ಲಿ ಇಳಿಸಿತ್ತು. ಮರುಭೂಮಿಗೆ ಕುದುರೆಗಿಂತ ಇವೇ ವಾಸಿಯೋ ಏನೋ ನೋಡೋಣ ಅಂತ. ಎಡ್ವರ್ಡ್ ಬೀಲ್ ಅನ್ನೋ ಅಧಿಕಾರಿ ಅವನ್ನ ಕರ್ಕೊಂಡು ಕೊಲರಾಡೊ ನದಿ ದಾಟಿ ಬಂದ. ಹೊರೆ ಹೊತ್ತವು, ನೀರು ಕೇಳಲಿಲ್ಲ, ಮುಳ್ಳುಗಿಡ ತಿಂದ್ಕೊಂಡಿದ್ವು. ಬೀಲ್ ಅವುಗಳನ್ನ ಹೊಗಳಿ ಹೊಗಳಿ ಸರ್ಕಾರಕ್ಕೆ ವರದಿ ಬರೆದ. ಆಮೇಲೆ ಏನಾಯ್ತು ಗೊತ್ತಾ?

ಪತ್ರಿಕೆ: ಪ್ರಯೋಗ ಯಶಸ್ವಿಯಾಯಿತು, ಯೋಜನೆ ರದ್ದಾಯಿತು.

ರಸ್ತೆ: ನಿಂಗೆ ಹೇಗೆ ಗೊತ್ತು?

ಪತ್ರಿಕೆ: ನಾನು ಬೆಂಗಳೂರಿನವನು.

ರಸ್ತೆ: (ನಗು) ಅಂತರ್ಯುದ್ಧ ಬಂತು, ಒಂಟೆ ಯಾರಿಗೂ ಬೇಡವಾಯ್ತು, ಹರಾಜು ಹಾಕಿದ್ರು. ಇದೇ ಸೈನ್ಯ 1897ರಲ್ಲಿ ಸೈಕಲ್ಲನ್ನೂ ಪರೀಕ್ಷೆ ಮಾಡ್ತು. ನನ್ನ ಮೇಲಲ್ಲ, ದೂರದ ಉತ್ತರದಲ್ಲಿ. ಮೊಂಟಾನದ ಮಿಸ್ಸೂಲಾದಿಂದ ಸೇಂಟ್ ಲೂಯಿಸ್ ತನಕ, ಸುಮಾರು 3,000 ಕಿಲೋಮೀಟರ್. ತುಳಿದೋರು 25ನೇ ಪದಾತಿ ದಳದ ಇಪ್ಪತ್ತು ಜನ ಕರಿಯ ಸೈನಿಕರು, ನಡೆಸಿದ ಅಧಿಕಾರಿ ಜೇಮ್ಸ್ ಮಾಸ್ ಬಿಳಿಯ. ಗೇರ್ ಇಲ್ಲದ ಕಬ್ಬಿಣದ ಸೈಕಲ್ಲು, ಅದರ ಮೇಲೆ ಬಂದೂಕು, ಡೇರೆ, ಹಂದಿಮಾಂಸ. ನೆಬ್ರಾಸ್ಕದ ಮರಳುಗುಡ್ಡದಲ್ಲಿ ಅವರೂ ನಿನ್ನ ಹಾಗೇ ಇಳಿದು ನೂಕಿದ್ರು. ಆದ್ರೂ ಊರು ಮುಟ್ಟಿದ್ರು. ಆಮೇಲೆ ಅದೂ ರದ್ದು.

ಪತ್ರಿಕೆ: ಹಾಗಾದರೆ ಮರುಭೂಮಿಗೂ ಸೈಕಲ್ಲಿಗೂ ಆಗಿಬರುವುದಿಲ್ಲ ಅನ್ನೋಣವೆ?

ರಸ್ತೆ: ಯಾಕಪ್ಪಾ ಹಾಗಂತೀಯ? ಆಸ್ಟ್ರೇಲಿಯದಲ್ಲಿ ನನ್ನ ಬಳಗ ಇದೆ, ಹೋಗಿ ಕೇಳು. ಅಲ್ಲಿ ಪಶ್ಚಿಮದಲ್ಲಿ ಚಿನ್ನ ಸಿಕ್ಕಿದಾಗ ಗಣಿಯಿಂದ ಗಣಿಗೆ ಸಾಮಾನು ಹೊತ್ತಿದ್ದು ಒಂಟೆಗಳು. ನಡೆಸ್ತಿದ್ದೋರು ಅಫ್ಘಾನಿಸ್ತಾನದಿಂದ, ನಿಮ್ಮ ಇಂಡಿಯಾದಿಂದ ಹೋದ ಜನ. ಒಂಟೆಗಳ ಮೆತ್ತನೆ ಪಾದ ಸಾಲಾಗಿ ಬಿದ್ದು ಬಿದ್ದು ನೆಲ ಗಟ್ಟಿ, ನುಣುಪು ಆಯ್ತು. ಸೈಕಲ್ಲಿನೋರಿಗೆ ಪುಕ್ಕಟೆ ರಸ್ತೆ! ಒಂಟೆ ಜಾಡು ಹಿಡಿದು ಪತ್ರ, ತಂತಿ ಸುದ್ದಿ ಒಯ್ತಿದ್ರು. ಆರ್ಥರ್ ರಿಚರ್ಡ್‌ಸನ್ ಅನ್ನೋನು 1896ರಲ್ಲಿ ಕೂಲ್ಗಾರ್ಡಿಯಿಂದ ನಲ್ಲಾರ್ಬರ್ ಬಯಲು ದಾಟಿ ಅಡಿಲೇಡಿಗೆ ಒಬ್ಬನೇ ತುಳಕೊಂಡು ಹೋದ. ಒಬ್ಬನೇ ಅಂದ್ರೆ ಆ ಕಾಲದ ಒಬ್ಬನೇ, ತಿಳೀತಾ?

ಪತ್ರಿಕೆ: ಈ ಕಾಲದ ‘ಒಬ್ಬನೇ’ಗೆ ಏನು ಕಡಿಮೆ? ಈಗ ನನ್ನನ್ನೇ ನೋಡಿ, ಸುತ್ತ ಮೂವತ್ತು ಕಿಲೋಮೀಟರ್ ನರಪಿಳ್ಳೆ ಇಲ್ಲ.

ರಸ್ತೆ: ನಿನ್ನ ಹ್ಯಾಂಡಲ್ ಮೇಲೆ ಕೂತಿರೋ ಆ ಪುಟ್ಟ ಪೆಟ್ಟಿಗೆಗೆ ಕನಿಷ್ಠ ನಾಲ್ಕು ಉಪಗ್ರಹ ಸೇರಿ ಉತ್ತರ ಕೊಡದಿದ್ರೆ ನೀನೆಲ್ಲಿದೀಯ ಅಂತ ನಿಂಗೇ ಗೊತ್ತಾಗಲ್ಲ. ಹೆಗಲಿಗೆ ಸಿಗಿಸಿರೋ ಇನ್ನೊಂದು, ಹತ್ತು ನಿಮಿಷಕ್ಕೊಂದು ಸಲ ‘ಇಲ್ಲಿದಾನೆ, ಬದುಕಿದಾನೆ’ ಅಂತ ಮನೆಗೆ ಚುಕ್ಕೆ ಕಳಿಸ್ತಿದೆ. ಅದರ ಕೆಂಪು ಗುಂಡಿ ಒತ್ತಿದ್ರೆ ಹೆಲಿಕಾಪ್ಟರ್ ಬಂದರೂ ಬಂತು. ಬೇಡ ಅಂತ ನಾನು ಹೇಳ್ತಿಲ್ಲ, ಇಟ್ಕೋ. ಇಲ್ಲಿ ಬಾಯಾರಿ ಸತ್ತೋರನ್ನ ನೋಡಿದೀನಿ, ಇನ್ನು ನೋಡೋಕೆ ಇಷ್ಟವಿಲ್ಲ. ಅಷ್ಟು ಜನರನ್ನ ಆಕಾಶದಲ್ಲಿ ಕೆಲಸಕ್ಕೆ ಇಟ್ಕೊಂಡು, ಕೆಳಗೆ ‘ನಾನು ಒಬ್ಬಂಟಿ’ ಅಂತ ಶೀರ್ಷಿಕೆ ಕೊಡ್ತೀಯಲ್ಲ, ಅದಕ್ಕೆ ನಗು ಬರುತ್ತೆ.

ಪತ್ರಿಕೆ: ಶೀರ್ಷಿಕೆ ಸಂಪಾದಕರದು.

ರಸ್ತೆ: ಬೆಳಗ್ಗೆ ಆ ದಿಬ್ಬದ ಹತ್ರ ಏನು ಮಾಡಿದೆ ಹೇಳು. ನಾನೇ ಹೇಳ್ತೀನಿ. ಕ್ಯಾಮೆರಾ ತೆಗೆದು ಬಂಡೆ ಮೇಲಿಟ್ಟೆ. ಹಿಂದಕ್ಕೆ ಹೋದೆ. ದಿಗಂತ ನೋಡ್ತಾ, ಕ್ಯಾಮೆರಾ ಕಡೆ ನೋಡದೇ ಇರೋ ಹಾಗೆ ನೋಡ್ತಾ, ತುಳಕೊಂಡು ಬಂದೆ. ಮುಂದೆ ಹೋಗಿ ಮರೆಯಾದೆ. ಮತ್ತೆ ವಾಪಸ್ ಬಂದು ಕ್ಯಾಮೆರಾ ಎತ್ಕೊಂಡೆ. ನೋಡಿದ್ರೆ ಕ್ಯಾಮೆರಾ ವಾಲಿದೆ. ಇನ್ನೊಂದು ಸಲ! ಒಂಟಿ ಸವಾರರು ನನ್ನ ಮೇಲೆ ಚೆನ್ನಾಗಿರೋ ಜಾಗವನ್ನೆಲ್ಲ ಮೂರ್ಮೂರು ಸಲ ತುಳೀತಾರೆ. ಚೆನ್ನಾಗಿಲ್ಲದ ಜಾಗ ಒಂದೇ ಸಲ. ಬೀಲ್ ಒಂಟೆಗಳು ಒಂದೇ ಸಲ ಹೋದವು.

ಪತ್ರಿಕೆ: (ಮಾತು ಬದಲಿಸುತ್ತಾ) ಇಲ್ಲಿ ಒಂದು ಅಂಚೆ ಡಬ್ಬಿ ಇದೆಯಂತೆ?

ರಸ್ತೆ: ಇದೆ, ಬಾವುಟ ಕಂಬದ ಪಕ್ಕ. ಅಂಚೆಯವರು ಬರಲ್ಲ. ಒಳಗೆ ಒಂದು ರಿಜಿಸ್ಟರು. ಬಂದೋರೆಲ್ಲ ಹೆಸರು, ಊರು, ತಾರೀಖು ಬರೆದು ಹೋಗ್ತಾರೆ. ಏಕಾಂತಕ್ಕೂ ಹಾಜರಿ ಪುಸ್ತಕ. ಹಿಂದೆ ಪೊದೆಗಳ ಹತ್ರ ಬೊಂಬೆ ಕಪ್ಪೆಗಳನ್ನ ತಂದಿಟ್ಟು ಗುಡಿ ಥರ ಮಾಡಿದಾರೆ. ಮರುಭೂಮೀಲಿ ಕಪ್ಪೆ ಯಾಕೆ ಅಂತ ಕೇಳ್ಬೇಡ, ನಂಗೂ ಯಾರೂ ಹೇಳಿಲ್ಲ. ಒಂಟಿತನ ನೋಡೋಕೆ ಜನ ಸಾಲು ನಿಲ್ಲೋದು ಇಲ್ಲಿ ಹೊಸದೇನಲ್ಲ. ನನ್ನ ಉತ್ತರಕ್ಕೆ, ಗಣಿ ಕೆಲಸದೋರಿಗೆ ಅಂತ ಹಾಕಿದ್ದ ಒಂದು ಟೆಲಿಫೋನ್ ಬೂತು ಇತ್ತು. ಸುತ್ತ ಏನೂ ಇಲ್ಲ. ಎಷ್ಟೋ ವರ್ಷ ಅದರ ಪಾಡಿಗೆ ಅದಿತ್ತು. 1997ರ ಸುಮಾರಿಗೆ ಅದರ ನಂಬರು ಇಂಟರ್‌ನೆಟ್ಟಿಗೆ ಬಿತ್ತು ನೋಡು, ಪ್ರಪಂಚದ ಮೂಲೆಮೂಲೆಯಿಂದ ಕರೆ. ಯಾರಾದ್ರೂ ಎತ್ತುತಾರಾ ನೋಡೋಣ ಅಂತ. ಎತ್ತೋದಕ್ಕೆ ಅಂತಲೇ ಜನ ಬಂದು ಡೇರೆ ಹಾಕಿದ್ರು! ‘ಹಲೋ, ಅಲ್ಲಿ ಯಾರೂ ಇಲ್ವಾ?’ ‘ಇಲ್ಲ, ನಾನಿದೀನಿ.’ ಇಡೀ ರಾತ್ರಿ ಇದೇ. 2000ದ ಮೇ ತಿಂಗಳಲ್ಲಿ ಬೂತನ್ನ ಕಿತ್ತುಹಾಕಿದ್ರು. ಒಂಟಿ ಅಂತ ಹೆಸರುವಾಸಿಯಾಗಿ ಜನಜಂಗುಳಿಯಿಂದ ಸತ್ತಿದ್ದು ಅದೊಂದೇ ಇರಬೇಕು.

ಪತ್ರಿಕೆ: ತಮ್ಮ ಬದುಕಿನ ಅತ್ಯಂತ ದುಃಖದ ಗಳಿಗೆ ಯಾವುದು?

ರಸ್ತೆ: ಈ ಪ್ರಶ್ನೆ ಯಾವ ಪತ್ರಿಕೆಯೋರೂ ಬಿಡಲ್ಲ ಅಲ್ವಾ? 1883. ಅದಕ್ಕೆ ಮೊದಲು ನನಗೂ ಒಂದು ದರ್ಬಾರಿತ್ತು. 1859ರಲ್ಲಿ ನದಿ ಹತ್ರ ಫೋರ್ಟ್ ಮೊಹಾವಿ ಕಟ್ಟಿದ್ರು. ಒರತೆ ಒರತೆಗೂ ಸೈನ್ಯದ ಠಾಣೆ. ಅಂಚೆ ಚೀಲ ಹೊತ್ತ ಸವಾರ, ಅವನ ಕಾವಲಿಗೆ ಸೈನಿಕರು, ಸಾಮಾನಿನ ಬಂಡಿಗಳು. ಮೊಹಾವಿ ಜನರ ಕಾಲುದಾರಿಯನ್ನ ಅವರ ಕೈಯಿಂದಲೇ ಕಿತ್ಕೊಂಡು ಸರ್ಕಾರಿ ರಸ್ತೆ ಮಾಡಿದ ಕತೆ ಅದು, ಅದರಲ್ಲಿ ನಂಗೇನೂ ಹೆಮ್ಮೆ ಇಲ್ಲ. 1883ರಲ್ಲಿ ನೀಡಲ್ಸ್ ಹತ್ರ ನದಿಗೆ ಸೇತುವೆ ಹಾಕಿ ರೈಲು ಬಿಟ್ರು. ಅಲ್ಲಿಗೆ ಬಂಡಿ ನಿಂತವು. ಉಳಿದೋರು ದನ ಮೇಯಿಸೋರು, ಗಣಿ ತೋಡೋರು. 1925ರಲ್ಲಿ ಗವರ್ನಮೆಂಟ್ ಹೋಲ್ಸ್ ಅನ್ನೋ ನೀರಿನ ಗುಂಡಿ ಹತ್ರ, ದನದ ಕಂಪನಿ ಕಡೆಯೋನೊಬ್ಬ, ಜಮೀನು ಮಾಡ್ಕೊಂಡಿದ್ದೋರ ಕಡೆಯೋನೊಬ್ಬ, ಒಬ್ಬರಿಗೊಬ್ಬರು ಗುಂಡು ಹೊಡ್ಕೊಂಡು ಇಬ್ಬರೂ ಹೋದ್ರು. ಆಮೇಲೆ ಹೊಡೆದಾಡೋಕೂ ಯಾರೂ ಇಲ್ಲ.

ಪತ್ರಿಕೆ: ಹಾಗಿದ್ದರೆ ಅತ್ಯಂತ ಸಂತೋಷದ ಗಳಿಗೆ?

ರಸ್ತೆ: ಅದೂ 1883. ಬರಕೋ, ತಪ್ಪಿಲ್ಲ. ದಕ್ಷಿಣಕ್ಕೆ 66ನೇ ರಸ್ತೆ ಅಂತ ಇದಾಳೆ, ನೋಡಿದೀಯ? ನನಗಿಂತ ಎಷ್ಟೋ ಚಿಕ್ಕವಳು. ಅವಳು ಎಲ್ಲರಿಗೂ ಬೇಕಾದವಳು. ಡಾಂಬರು ಬಂತು, ಮೋಟೆಲ್ ಬಂತು, ಅವಳ ಮೇಲೆ ಹಾಡು ಬಂತು. ಆಮೇಲೆ 40ನೇ ಹೆದ್ದಾರಿ ಬಂತು. ಈಗ ಬಿರುಕು ಬಿಟ್ಕೊಂಡು, ಹಳೇ ಬೋರ್ಡು ತೋರಿಸ್ಕೊಂಡು ಟೀ ಶರ್ಟ್ ಮಾರ್ತಾಳೆ. ನನ್ನನ್ನ ಯಾರೂ ಕೇಳಲಿಲ್ಲ, ಅದರಿಂದ ಯಾರೂ ಕೆಡಿಸಲಿಲ್ಲ. 1980ರ ದಶಕದಲ್ಲಿ ಡೆನಿಸ್ ಕೇಸ್‌ಬಿಯರ್ ಬಂದ್ರು. ನೌಕಾಪಡೆಯಲ್ಲಿ ಭೌತಶಾಸ್ತ್ರಜ್ಞ, ಹುಚ್ಚು ಮಾತ್ರ ಹಳೇ ಸೈನ್ಯದ ಕಡತದ್ದು. ಸ್ವಯಂಸೇವಕರನ್ನ ಕಟ್ಕೊಂಡು ನನ್ನ ಗುರುತು ಹಿಡಿದು, ಕಲ್ಲಿನ ಗುಪ್ಪೆ ನಿಲ್ಲಿಸಿ, ಕೈಪಿಡಿ ಬರೆದ್ರು. 2021ರಲ್ಲಿ ತೀರಿಕೊಂಡ್ರು. ಕೆಲಸಕ್ಕೆ ಬಾರದ ರಸ್ತೇನ ಇಷ್ಟು ಪ್ರೀತಿಸಬಹುದು ಅಂತ ತೋರಿಸಿದ ಮನುಷ್ಯ. ಕೆಲಸವಿದ್ದಾಗ ನನ್ನ ಮೇಲೆ ಬಂದೋರೆಲ್ಲ ಶಪಿಸ್ತಾ ಹೋದ್ರು. ಈಗ ಬರೋರಿಗೆ ಒಂದೂ ಕೆಲಸವಿಲ್ಲ, ರಜೆ ಹಾಕಿ ದುಡ್ಡು ಖರ್ಚು ಮಾಡಿ ಬರ್ತಾರೆ. ನಿನ್ನ ಕೇಳ್ತೀನಿ, ನೀನು ಯಾವ ಊರು ಮುಟ್ಟಬೇಕು?

ಪತ್ರಿಕೆ: ಸುತ್ತು ಹಾಕಿ ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್.

ರಸ್ತೆ: ನೋಡಿದ್ಯಾ!

ಪತ್ರಿಕೆ: ಆದರೂ ನಮ್ಮ ಕಡೆ ಯಾವ ರಸ್ತೆಯೂ ಡಾಂಬರಿಗೆ ಬೇಡ ಅನ್ನುವುದಿಲ್ಲ. ಗುದ್ದಲಿ ಪೂಜೆ, ಶಾಸಕರ ಫೋಟೋ, ನಾಮಫಲಕ…

ರಸ್ತೆ: ಡಾಂಬರು ಒಂದು ಬೇಡ ಮಾರಾಯ. 1994ರಲ್ಲಿ ಕಾನೂನು ಮಾಡಿ ಸುತ್ತಲಿನ ಹದಿನಾರು ಲಕ್ಷ ಎಕರೆಗೆ ಮೊಹಾವಿ ರಾಷ್ಟ್ರೀಯ ಸಂರಕ್ಷಣಾ ಪ್ರದೇಶ ಅಂತ ಹೆಸರಿಟ್ರು. ಅದು ನನ್ನ ಜೀವವಿಮೆ. ಅದರ ಅರ್ಧದಷ್ಟು ಭಾಗ ಇನ್ನೂ ಬಿಗಿ, ಅಲ್ಲಿ 1964ರ ಕಾಯಿದೆ ಪ್ರಕಾರ ಯಂತ್ರದ ಸಾರಿಗೆ ಏನೂ ಕೂಡದು. ಸೈಕಲ್ಲೂ ಯಂತ್ರವೇ. ನನ್ನ ಮೇಲೆ ಇರೋ ತನಕ ನೀನು ಪ್ರಕೃತಿಪ್ರೇಮಿ. ಪಕ್ಕಕ್ಕೆ ಇಳಿದು ಆ ಗಡಿ ದಾಟಿದ್ರೆ ಅಪರಾಧಿ. ಕುದುರೆ ಹೋಗಬಹುದು, ಅದು ಮಾಡೋ ಲದ್ದಿಗೂ ಮಾಫಿ.

ಪತ್ರಿಕೆ: ಬೇಸರವಿಲ್ಲದಿದ್ದರೆ ಒಂದು ದೂರು. ತಮ್ಮ ಮೈಮೇಲಿನ ಈ ಅಲೆಅಲೆ ಉಬ್ಬುಗಳು. ಹಲ್ಲು ಸಡಿಲವಾಗುತ್ತಿದೆ.

ರಸ್ತೆ: ನಿಮ್ಮ ಬೆಂಗಳೂರಿನ ಗುಂಡಿ ಆಕಸ್ಮಿಕ. ಇದು ಶಾಸ್ತ್ರಬದ್ಧ. 2007ರಲ್ಲಿ ವಿಜ್ಞಾನಿಗಳು ದುಂಡನೆಯ ತಿರುಗು ಹಾಸಿನಲ್ಲಿ ಮರಳು ತುಂಬಿ, ಮೇಲೆ ಒಂದು ಚಕ್ರ ಬಿಟ್ಟು ತಿರುಗಿಸಿ ನೋಡಿದಾರೆ. ವೇಗ ಒಂದು ಮಿತಿ ದಾಟಿದ ಕೂಡ್ಲೆ ಅಲೆ ಏಳುತ್ತೆ. ಸ್ಪ್ರಿಂಗ್ ಇರಲಿ ಬಿಡಲಿ, ಟೈರು ಗಟ್ಟಿ ಇರಲಿ ಮೆತ್ತಗಿರಲಿ, ಏಳೋದು ಏಳುತ್ತೆ. ಒಂದು ಸಣ್ಣ ಉಬ್ಬಿಂದ ಚಕ್ರ ಜಿಗಿಯುತ್ತೆ, ಬಿದ್ದ ಕಡೆ ಗುಳಿ ಮಾಡುತ್ತೆ, ಗುಳಿ ಮುಂದೆ ಹೊಸ ಉಬ್ಬು. ಗ್ರೇಡರ್ ತಂದು ಹೆರೆಸು, ಜೀಪುಗಳು ಓಡಾಡಿದ ಮೇಲೆ ಮತ್ತೆ ಅದೇ. ತಪ್ಪಿಸಬೇಕಾದ್ರೆ ಎಲ್ಲರೂ ಗಂಟೆಗೆ ಎಂಟು ಕಿಲೋಮೀಟರ್ ಒಳಗೇ ಹೋಗಬೇಕು. ಜೀಪಿನೋರು ಅಲೆ ಎಬ್ಬಿಸಿ ಹೋಗ್ತಾರೆ, ಸೈಕಲ್ಲಿನೋರ ಬೆನ್ನು ಲೆಕ್ಕ ತೀರಿಸುತ್ತೆ. ನಿನ್ನ ವೇಗ ಬೆಳಗ್ಗೆಯಿಂದ ನೋಡ್ತಿದೀನಿ, ನಿನ್ನಿಂದ ನನಗೆ ಒಂದು ಅಲೆಯೂ ಏಳಲ್ಲ. ಧನ್ಯವಾದ.

ಪತ್ರಿಕೆ: ಮುಳ್ಳುಗಳ ಬಗ್ಗೆ?

ರಸ್ತೆ: ಆ ಬಾಗಿದ ಉಗುರಿನ ಪೊದೆ ನಿನ್ನ ತೋಳು ಹಿಡ್ಕೊಳ್ತಲ್ಲ, ಅದು ನಿಮ್ಮ ಸೀಗೇಕಾಯಿ ಕುಲದ್ದೇ. ನಿಮ್ಮಲ್ಲಿ ತಲೆ ತೊಳೆಯುತ್ತೆ, ಇಲ್ಲಿ ಜರ್ಸಿ ಹರಿಯುತ್ತೆ. ಹೊರಗಿನ ಊರುಗಳ ಅಂಚಲ್ಲಿ ಟೈರಿಗೆ ಚುಚ್ಚೋದು ನೆಗ್ಗಿಲು ಮುಳ್ಳು, ಅದೂ ನಿಮ್ಮ ಕಡೆಯ ಪೈಕಿನೇ. ವೀಸಾ ಇಲ್ಲದೆ ಬಂದು ನೆಲೆಯೂರಿದೆ. ಅದನ್ನ ತಿನ್ನಲಿ ಅಂತ 1961ರಲ್ಲಿ ಇಟಲಿಯಿಂದ ಸೊಂಡಿಲಹುಳ ತರಿಸಿದ್ರು. ಹುಳ ತಿಂತು. ಮುಳ್ಳು ಉಳೀತು. ಈಗ, ಆ ಜೆಲ್ ಪೊಟ್ಟಣ ಹಲ್ಲಲ್ಲಿ ಕಚ್ಚಿ ಹರಿದೆಯಲ್ಲ, ತುದಿ ಎಲ್ಲಿ ಹಾಕಿದೆ?

ಪತ್ರಿಕೆ: (ಜೇಬು ತಡಕುತ್ತಾ) ಗಾಳಿಗೆ…

ರಸ್ತೆ: ಎಲ್ಲರ ತುದಿಯೂ ಗಾಳಿಗೇ. ಪೊಟ್ಟಣ ಭದ್ರವಾಗಿ ಜೇಬಲ್ಲಿ, ತುದಿ ನನಗೆ. ಹಿಂದಿನ ಚೀಲದಲ್ಲಿ ಕೋಡುಬಳೆ ವಾಸನೆ ಬರ್ತಿದೆ, ಅದನ್ನ ತಿನ್ನೋಕೇನು? ಉಪ್ಪಿದೆ, ಎಣ್ಣೆ ಇದೆ. ಉಪ್ಪಿಲ್ಲದೆ ಬರೀ ನೀರೇ ಕುಡೀತಾ ಹೋದ್ರೂ ತಲೆ ತಿರುಗಿ ಬೀಳ್ತಾರೆ. ನೀರಿಗೆ ಪುಡಿ ಕಲಸಿ ಆರೋಗ್ಯ ಮಾರೋದು ಈ ಮರುಭೂಮಿಗೆ ಹಳೇ ದಂಧೆ. ಸೋಡಾ ಸ್ಪ್ರಿಂಗ್ಸ್‌ನಲ್ಲಿ 1944ರಲ್ಲಿ ಕರ್ಟಿಸ್ ಸ್ಪ್ರಿಂಗರ್ ಅಂತ ರೇಡಿಯೋ ಉಪದೇಶಕ ಬಂದು ಸರ್ಕಾರಿ ಜಾಗದಲ್ಲಿ ಬಿಸಿನೀರ ಕೊಳ ಕಟ್ಟಿ, ಝೈಝಿಕ್ಸ್ ಅಂತ ಹೆಸರಿಟ್ಟು, ಎಲ್ಲ ಕಾಯಿಲೆಗೂ ಪುಡಿ ಮಾರಿದ. ಬಿಸಿನೀರು ಭೂಮಿಯಿಂದಲ್ಲ, ಬಾಯ್ಲರಿಂದ! ಅವನನ್ನ ಎಬ್ಬಿಸೋದು 1974 ಆಯ್ತು. ಈಗ ಅಲ್ಲಿ ವಿಶ್ವವಿದ್ಯಾಲಯದ ಮರುಭೂಮಿ ಅಧ್ಯಯನ ಕೇಂದ್ರ ಇದೆ.

ಪತ್ರಿಕೆ: ದಾರಿಯಲ್ಲಿ ಒಂದು ಆಮೆ ಕಂಡೆ. ಎತ್ತಿ ಪಕ್ಕಕ್ಕೆ ಇಡೋಣವೆಂದು…

ರಸ್ತೆ: ಮುಟ್ಟಿದೆಯಾ?

ಪತ್ರಿಕೆ: ಇಲ್ಲ, ಫೋಟೋ ಮಾತ್ರ.

ರಸ್ತೆ: ಬದುಕಿದೆ. ಎತ್ತಿದ್ರೆ ಹೆದರಿ ಮೂತ್ರ ಮಾಡಿಬಿಡುತ್ತೆ. ಮೂತ್ರಕೋಶವೇ ಅದರ ನೀರಿನ ತೊಟ್ಟಿ, ಅದರಲ್ಲಿ ತಿಂಗಳುಗಟ್ಟಲೆ ಬದುಕಬೇಕು. ಖಾಲಿಯಾದ್ರೆ ಮುಂದಿನ ಮಳೆ ತನಕ ಉಳಿಯೋದು ಕಷ್ಟ. 1990ರಿಂದ ಅಪಾಯದಲ್ಲಿರೋ ಜೀವಿಗಳ ಪಟ್ಟಿಯಲ್ಲಿದೆ. ಕಾರಿನೋರು ಕಾರು ತೆಗೆಯೋ ಮೊದಲು ಬಗ್ಗಿ ನೋಡಬೇಕು, ನೆರಳಿಗೆ ಅಂತ ಕೆಳಗೆ ಬಂದು ಕೂತಿರುತ್ತೆ. ನಿನ್ನ ಸೈಕಲ್ ನೆರಳು ಅದಕ್ಕೂ ಸಾಲಲ್ಲ.

ಪತ್ರಿಕೆ: ಸುಟ್ಟ ಮರಗಳ ಒಂದು ಬಯಲು ದೂರದಿಂದ ಕಂಡಿತು.

ರಸ್ತೆ: ಸೀಮಾ ಡೋಮ್. ಜೋಶುವಾ ಮರಗಳು ಅಷ್ಟು ಒತ್ತಾಗಿ ಬೆಳೆದ ಜಾಗ ಬೇರೆ ಎಲ್ಲೂ ಇರಲಿಲ್ಲ ಅಂತಾರೆ. 2020ರ ಆಗಸ್ಟಲ್ಲಿ ಸಿಡಿಲು ಬಡಿದು ಹೊತ್ಕೊಳ್ತು. 43,000 ಎಕರೆಗೂ ಮೇಲೆ. ಹದಿಮೂರು ಲಕ್ಷ ಮರ ಹೋದವು ಅಂತ ಅಂದಾಜು. ಮೊದಲೆಲ್ಲ ಬೆಂಕಿ ಬಿದ್ರೆ ಗಿಡದಿಂದ ಗಿಡಕ್ಕೆ ದಾಟ್ತಿರಲಿಲ್ಲ, ನಡುವೆ ಬರೀ ನೆಲ. ಈಗ ಹೊರಗಿಂದ ಬಂದ ಹುಲ್ಲು ಆ ನೆಲ ತುಂಬಿಕೊಂಡಿದೆ, ಒಣಗಿದ್ರೆ ಬತ್ತಿ. 2023ರ ಜುಲೈನಲ್ಲಿ ಪೂರ್ವದ ಬೆಟ್ಟಗಳ ಕಡೆ ಇನ್ನೊಂದು ಬೆಂಕಿ, 93,000 ಎಕರೆ. ಇದರ ಬಗ್ಗೆ ತಮಾಷೆ ಬೇಡ. ಸುಟ್ಟ ಮರದ ಮುಂದೆ ಸೈಕಲ್ ಎತ್ತಿ ಹಿಡಿದು ಪೋಸು ಕೊಡೋದೂ ಬೇಡ.

ಪತ್ರಿಕೆ: ಇಲ್ಲ. (ಸೈಕಲ್ ಕೆಳಗಿಳಿಸುತ್ತಾ) ಕೊನೆಯ ಪ್ರಶ್ನೆ. ನಮ್ಮ ಓದುಗರಿಗೆ ತಮ್ಮ ಸಂದೇಶ?

ರಸ್ತೆ: ಸಂದೇಶ ನನ್ನ ಹತ್ರ ಇಲ್ಲ. ಸೋಡಾ ಲೇಕ್ ಅಂತ ಬತ್ತಿದ ಕೆರೆ ಇದೆ, ಒಣಗಿದ್ದಾಗ ಮಾತ್ರ ಹೋಗಬೇಕು, ಹಸಿ ಇದ್ರೆ ಜೀಪೂ ಮುಳುಗುತ್ತೆ. ಅದರ ನಡುವೆ ಒಂದು ಕಲ್ಲಿನ ರಾಶಿ, ಮೇಲೆ ಒಂದು ಫಲಕ, ಅದರಲ್ಲಿ ಸಂದೇಶ ಬರೆದಿದೆ. ಓದಿದೋರು ಹೊರಗೆ ಹೇಳೋ ಹಾಗಿಲ್ಲ, ಅದು ಪದ್ಧತಿ.

ಪತ್ರಿಕೆ: ಸುಮ್ಮನೆ ಹೋಗಿ ಓದಿಕೊಂಡು ಬರಬಹುದೆ?

ರಸ್ತೆ: ಬರಿಗೈಲಿ ಹೋಗಬಾರದು. ಹೋಗೋರು ಒಂದು ಕಲ್ಲು ಹೊತ್ಕೊಂಡು ಹೋಗಿ ರಾಶಿಗೆ ಹಾಕಬೇಕು.

ಪತ್ರಿಕೆ: ಸೈಕಲ್ಲಿನಲ್ಲಿ? ಎಷ್ಟು ದೊಡ್ಡ ಕಲ್ಲು?

ರಸ್ತೆ: ನಿನ್ನಂಥೋನಿಗೆ ಒಂದು ನಾನೂರ ಐವತ್ತು ಗ್ರಾಂ ಇದ್ರೆ ಸಾಕು.